ಟೀಚರ್ ಹೊಡೆಸಿದ ಗೀಟು

ಮೊನ್ನೆ ಮಗಳಿಗೆ ಜ್ವರ ಬಂತು. ಥರ್ಮಾಮೀಟರ್ ಹುಡುಕುತ್ತಾ ಕಪಾಟಿನ ಕೆಳಖಾನೆಗೆ ಕೈ ಹಾಕಿದರೆ, ಸಿಕ್ಕಿದ್ದು ಟೀಚರ್ ಅವರದು. ಹಳದಿ ಮುಚ್ಚಳದ ಅದೇ ಡಬ್ಬಿ. ಜ್ವರ ನೋಡುವುದು ಬಿಟ್ಟು ಅದರ ಮುಚ್ಚಳ ತಿರುಗಿಸುತ್ತಾ ಕೂತೆ...

ಕೂಡ್ಲಿಗಿಯಲ್ಲಿ ನಮ್ಮ ಪಕ್ಕದ ಮನೆಯವರು ಅವರು, ಅಂಗನವಾಡಿ ಟೀಚರ್. ಮಕ್ಕಳ ತೂಕ ಬರೆಯುವುದರಲ್ಲಿ ಬಲು ಖಡಕ್. ತಾಯಂದಿರು "ಚಲೋ ಉಣ್ತಾನ್ರಿ, ಚೂರು ಜಾಸ್ತಿ ಬರೀರಿ" ಅಂದರೆ, "ತಕ್ಕಡಿ ಹೇಳಿದ್ದು ಬರೀತೀನಿ, ನೀ ಹೇಳಿದ್ದಲ್ಲ" ಅನ್ನುತ್ತಿದ್ದರು. ನನ್ನ ಮಗಳಿಗೂ ನೂರು ಗ್ರಾಂ ದಯೆ ತೋರಿಸಿದವರಲ್ಲ.

ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು, ಲಿವರಿಗೂ ಹಬ್ಬಿತು. ಇದ್ದಬದ್ದ ಔಷಧಿಗಳೆಲ್ಲ ಸೋತವು. ಆಗ ಬೆಂಗಳೂರಿನ ಆಸ್ಪತ್ರೆಯವರು ಹೊಸ ಪ್ರಯೋಗವೊಂದರ ಮಾತೆತ್ತಿದರು. ಮೈಯೊಳಗಿನ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಎರಡು ಔಷಧಿಗಳನ್ನು ಕೂಡಿಸಿ ಕೊಡುವುದು. ಎಷ್ಟು ಕೊಟ್ಟರೆ ಮೈ ತಡೆದೀತು ಎಂದು ನೋಡುವ ಮೊದಲ ಹಂತ. ಗುಣವಾಗುತ್ತದೆಂದು ಯಾರೂ ಮಾತು ಕೊಡಲಿಲ್ಲ. ಟೀಚರ್ ಒಪ್ಪಿಗೆಯ ಕಾಗದ ಪೂರ್ತಿ ಓದಿ ಸಹಿ ಹಾಕಿದರು. ಮೂರು ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಡ್ರಿಪ್ ಹಾಕಿಸಿಕೊಂಡು ಬರುತ್ತಿದ್ದರು. ಮನೆಯಲ್ಲಿ ದಿನಾ ಆ ಹಳದಿ ಡಬ್ಬಿಯ ಥರ್ಮಾಮೀಟರಿನಲ್ಲಿ ನೋಡಿದ ಜ್ವರ, ವಾಂತಿ, ಭೇದಿ ಎಲ್ಲವನ್ನೂ ಆಸ್ಪತ್ರೆ ಕೊಟ್ಟ ಪುಸ್ತಕದಲ್ಲಿ ಬರೆಯಬೇಕಿತ್ತು. ಅವರ ಕೈ ನಡುಗುತ್ತಿತ್ತು, ಹಾಗಾಗಿ ಬರೆಯುವ ಕೆಲಸ ನನ್ನದಾಯಿತು.

ಎರಡು ಡ್ರಿಪ್ ಆದ ಮೇಲೆ ಕ್ಯಾನ್ಸರ್ ಗಂಟು ಸಣ್ಣದಾಗಿದೆ ಎಂದರು ಡಾಕ್ಟರು. ನಾನು ಓಣಿಗೆಲ್ಲ ಮಂಡಕ್ಕಿ ಮಿರ್ಚಿ ಹಂಚಿದೆ. ಮೂರನೆಯ ಡ್ರಿಪ್ ಆದ ವಾರಕ್ಕೆ ಟೀಚರಿಗೆ ಭೇದಿ ಹಿಡಿಯಿತು. ಒಂದೇ ದಿನಕ್ಕೆ ಏಳು ಸಲ. ಬರೆದರೆ ಔಷಧಿ ನಿಲ್ಲಿಸಿಬಿಟ್ಟಾರು ಎಂದು ಹೆದರಿದೆ. ಡಾಕ್ಟರು ಕೇಳಿದರೆ "ಆರಾಮ ಅದೀನ್ರಿ" ಅನ್ನುವುದೇ ನಮ್ಮ ಕಡೆಯ ರೂಢಿ, ಎದ್ದು ಕೂಡಲು ಆಗದವರೂ ಹಾಗೇ ಅಂತಾರೆ. ನಾನೂ "ಎರಡು ಸಲ, ಆರಾಮ" ಎಂದು ಬರೆದೆ.

ಮರುದಿನ ಟೀಚರ್ ಕನ್ನಡಕ ಹಾಕಿಕೊಂಡು ಓದಿದರು.

"ಏಳು ಅಂತ ಬರಿ."

"ಔಷಧಿ ನಿಲ್ಲಸ್ತಾರ್ರಿ ಟೀಚರ್. ಗಂಟು ಕರಗಾಕ ಹತ್ತೈತಿ."

"ನಿಲ್ಲಸ್ಲಿ. ನೀ ಎರಡು ಅಂತ ಬರದ್ರ, ನನ್ನ ಹಿಂದ ಬರೋರಿಗೂ ಇಷ್ಟ ಕೊಡ್ತಾರ. ಅವರ ಕರುಳು ತೂತು ಬಿದ್ರ ನೀ ಹೋಗಿ ಹೊಲೀತೀಯೇನು? ಹೊಡಿ ಗೀಟು."

ಅಳುತ್ತಲೇ ಗೀಟು ಹೊಡೆದು ಏಳು ಎಂದು ಬರೆದೆ. ಅವರೇ ಆಸ್ಪತ್ರೆಗೆ ಫೋನು ಮಾಡಿದರು. ಅಲ್ಲಿಯವರು ಕರೆಸಿಕೊಂಡು ಚಿಕಿತ್ಸೆ ಕೊಟ್ಟರು. ಭೇದಿ ನಿಂತಿತು, ಔಷಧಿಯೂ ನಿಂತಿತು. ಗಂಟು ಕೆಲವು ತಿಂಗಳು ಸುಮ್ಮನಿದ್ದು ಆಮೇಲೆ ಬೆಳೆಯಿತು... ಮುಂದಿನ ಯುಗಾದಿಗೆ ಅವರಿರಲಿಲ್ಲ.

ಬಹಳ ದಿನ ಅವರ ಮೇಲೆ ಸಿಟ್ಟಿತ್ತು ನನಗೆ. ಎಂಥ ಹಟಮಾರಿ ಹೆಂಗಸು ಎಂದು ಒಬ್ಬಳೇ ಬೈದುಕೊಂಡು ಅತ್ತಿದ್ದೇನೆ. ಆಮೇಲೊಮ್ಮೆ ಆ ಪುಸ್ತಕ ಇಸಿದುಕೊಳ್ಳುತ್ತಿದ್ದ ನರ್ಸ್ ಫೋನು ಮಾಡಿ, ಮುಂದಿನವರಿಗೆ ಔಷಧಿಯ ಪ್ರಮಾಣ ಇಳಿಸಿದ್ದಾರೆ ಎಂದಳು. ಅವತ್ತಿನಿಂದ ಬೈಯುವುದು ಬಿಟ್ಟೆ.

"ಯವ್ವಾ, ಎಷ್ಟೈತಿ? ನೂರು ಅಂತ ಹೇಳ್ಬಿಡು, ನಾಳೆ ಸಾಲಿಗೆ ಹೋಗ್ಬೇಕು" ಎಂದಳು ಮಗಳು, ಮೊನ್ನೆ ಅವಳ ಕಂಕುಳಿಂದ ಅದೇ ಥರ್ಮಾಮೀಟರ್ ತೆಗೆಯುವಾಗ.

ನೂರಾ ಎರಡಿತ್ತು. ಕ್ಯಾಲೆಂಡರಿನ ಅಂಚಿನಲ್ಲಿ ಅಷ್ಟೇ ಬರೆದೆ. ಕನ್ನಡಕ ಹಾಕಿಕೊಂಡು ನೋಡುವವರು ಪಕ್ಕದ ಮನೆಯಲ್ಲಿ ಈಗ ಇಲ್ಲ.