ಹೆಸರು ಕಳೆದುಕೊಂಡ ವಿಮರ್ಶೆ

ಗೆಳೆಯರೇ, ಇವತ್ತು ಬೆಳಿಗ್ಗೆ ಗೋಪನಕೊಪ್ಪದ ನಮ್ಮ ಓಣಿಯ ವಾಚನಾಲಯದಲ್ಲಿ ನನ್ನದೇ ವಿಮರ್ಶೆಯ ಎದುರು ಸೋತು ಬಂದೆ. ಹೊಸ ಪುಸ್ತಕಗಳ ಪಟ್ಟಿ ಮಾಡುತ್ತಿದ್ದವರು ನಿವೃತ್ತ ಗಣಿತ ಮಾಸ್ತರರು. ನಾನು ಹೇಳಿದ ಅಡುಗೆ ಪುಸ್ತಕ, ಪ್ರವಾಸ ಕಥನ ಎರಡನ್ನೂ ತಕರಾರಿಲ್ಲದೆ ಬರೆದುಕೊಂಡರು. ಪತ್ತೇದಾರಿ ಕಾದಂಬರಿಯ ಹೆಸರು ಬಂದಾಗ ಪೆನ್ನು ಕೆಳಗಿಟ್ಟರು.

"ಅದು ಬ್ಯಾಡ್ರಿ. ಕೊಲಿ ಮಾಡಿದಾಂವ ಯಾರಂತ ಹತ್ತನೇ ಪುಟದಾಗ ಗೊತ್ತಾಗತೈತಿ."

"ನೀವು ಓದೀರೇನ್ರಿ ಸರ?"

"ಓದೂದ್ಯಾಕ? ಇಲ್ಲಿ ನೋಡ್ರಿ."

ಅವರ ಮೊಬೈಲಿನಲ್ಲಿದ್ದದ್ದು ಮೂರು ವರ್ಷದ ಹಿಂದೆ ನಾನು ಇದೇ ಆನ್‌ಲೈನ್ ಪುಟದಲ್ಲಿ ಬರೆದ ವಿಮರ್ಶೆ. ವಾಟ್ಸಾಪ್ ಗುಂಪಿನಿಂದ ಗುಂಪಿಗೆ ದಾಟುವಾಗ ನನ್ನ ಹೆಸರು ಎಲ್ಲೋ ಉದುರಿಹೋಗಿತ್ತು.

"ಬರದಾಂವ ಭಾಳ ಶಾಣ್ಯಾ ಅದಾನ," ಎಂದರು.

"ಅದನ್ನ ಬರದಾಂವ ನಾನ ರೀ. ಹೋದ ವಾರ ಮತ್ತೊಮ್ಮೆ ಓದೇನಿ. ಕೊಲೆಗಾರ ಗೊತ್ತಿದ್ರೂ ಪುಸ್ತಕ ಕೆಳಗಿಡಾಕ ಆಗಲಿಲ್ಲ. ಆಗ ನಾ ತಪ್ಪು ತಿಳ್ಕೊಂಡಿದ್ದೆ."

ಮಾಸ್ತರರು ಮೊಬೈಲನ್ನು ಕಿಸೆಗೆ ಹಾಕಿಕೊಂಡರು. "ಏನರೆ ಹೇಳಬ್ಯಾಡ್ರಿ. ಇಷ್ಟು ಖಡಕ್ ಬರದಾಂವ ಹಿಂಗ ಮಾತು ಬದಲಸೂದಿಲ್ಲ."

ಅವರ ನಂಬಿಕೆ ಕೆಡಿಸಲು ನನ್ನಲ್ಲಿ ಪುರಾವೆಯಿತ್ತು. ಆದರೆ ಅವರು ಮೆಚ್ಚಿದ ಆ ಹಳೆಯ ವಿಮರ್ಶಕನ ಮುಂದೆ ನಾನು ನನಗೇ ಸಪ್ಪೆಯಾಗಿ ಕಂಡೆ, ಪುರಾವೆ ತೋರಿಸದೆ ಎದ್ದು ಬಂದೆ. ಪಟ್ಟಿ ನಾಳೆ ಸಂಜೆ ಪುಸ್ತಕದಂಗಡಿಗೆ ಹೋಗುತ್ತದೆ. ಇನ್ನೊಂದು ಪಟ್ಟಿ ಬರುವುದು ಮುಂದಿನ ವರ್ಷ.

ಈ ಸಲದ ನನ್ನ ತೀರ್ಪಿನಲ್ಲಿ ನನಗೆ ಅನುಮಾನವಿಲ್ಲ. ಕೆಳಗಿನ ಸಾಲನ್ನು ಆ ಕಾದಂಬರಿಯ ಹೆಸರು ಸೇರಿಸಿ ಯಾರಾದರೂ ಅವರಿಗೆ ಫಾರ್ವರ್ಡ್ ಮಾಡಿ. ಬರೆದವನು ನಾನೆಂದು ಮಾತ್ರ ಹೇಳಬೇಡಿ, ನಂಬುವುದಿಲ್ಲ.

"ಕೊಲೆಗಾರ ಯಾರೆಂದು ಗೊತ್ತಾದ ಮೇಲೂ ಬಿಡದೆ ಓದಿಸುವ ಕಾದಂಬರಿ ಇದು."