ಪ್ರಳಯದ ದಿನ ಊಟಕ್ಕೆ ಕರೆ

ಜಗತ್ತು ಮುಳುಗುತ್ತದೆಂಬ ಸುದ್ದಿ ಹಬ್ಬಿದಾಗಲೆಲ್ಲ ಬೆಟಗೇರಿಯ ನಮ್ಮ ನೇಕಾರರ ಓಣಿ ಓಡುವುದು ಕಲ್ಪನಾ ಟೀಚರ ಕಟ್ಟೆಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವರಿಗೆ ಐವತ್ತು ಸಮೀಪಿಸಿದೆ, ಮದುವೆಯಾಗಿಲ್ಲ. ನಮ್ಮ ಜನ ಅವರನ್ನು ನೆನೆಯುವುದು ಜೀವಕ್ಕೆ ಭಯ ಹುಟ್ಟಿದಾಗ ಮಾತ್ರ. ಭಯ ಇಳಿದ ಮೇಲೆ ಆ ಕಟ್ಟೆಯ ಮೇಲೆ ಕೂರುವವನು ಎದುರು ಮನೆಯ ನಾನೊಬ್ಬನೇ, ಅದೂ ಚಹಾದ ಆಸೆಗೆ.

ಗೋಡೆಯಾಚೆ ಅವರ ಅಣ್ಣ ವಿಠೋಬಾ ಇದ್ದಾನೆ. ಅವನ ಮಗ್ಗದ ಸದ್ದು ಇವರ ಅಡುಗೆಮನೆಗೆ ಕೇಳುತ್ತದೆ. ತಂಗಿಯ ಜೊತೆ ಮಾತು ಬಿಟ್ಟು ವರ್ಷಗಳೇ ಆದವು.

ಕಾರಣ ಒಂದು ಗ್ರಹಣ. ಆಗ ವಿಠೋಬಾನ ಹೆಂಡತಿ ದ್ರಾಕ್ಷಾಯಣಿ ತುಂಬು ಬಸುರಿ. ಗ್ರಹಣ ಹಿಡಿದಾಗ ಬಸುರಿಯಾದವಳು ಕತ್ತರಿ ಮುಟ್ಟಬಾರದು, ಮಗ್ಗದ ಎಳೆ ಹರಿಯಬಾರದು ಎಂಬುದು ಓಣಿಯ ಕಟ್ಟುನಿಟ್ಟು. "ಏನೂ ಆಗೂದಿಲ್ಲ ವೈನಿ" ಎಂದು ಕಲ್ಪನಾ ಅವಳ ಕೈಗೆ ಕತ್ತರಿ ಕೊಟ್ಟು, ನೇಯ್ದು ಮುಗಿದ ಸೀರೆಯನ್ನು ಮಗ್ಗದಿಂದ ಕತ್ತರಿಸಲು ಹೇಳಿದರು. ಹುಟ್ಟಿದ ಮಗಳು ಕಾಂಚನಾಳ ಮೇಲ್ದುಟಿ ಸೀಳಿತ್ತು. ತುಟಿ ಕೂಡುವುದು ಬಸಿರಿನ ಮೊದಮೊದಲಿಗೇ, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆಪರೇಶನ್ ಆಗಿ ಹುಡುಗಿ ಈಗ ಚೆಂದ ನಗುತ್ತಾಳೆ. ಆದರೂ ವಿಠೋಬಾ ಅಣ್ಣ-ತಂಗಿಯರ ಹಬ್ಬವಾದ ನಾಗರಪಂಚಮಿಗೆ ತಂಗಿಯನ್ನು ಕರೆಯುವುದನ್ನೂ ಬಿಟ್ಟ. ಆ ಹಬ್ಬದ ದಿನ ಟೀಚರ ಮುಖ ನೋಡಿದರೆ ನನಗೆ ಅವನ ಮೇಲೆ ಮೈಯೆಲ್ಲ ಉರಿಯುತ್ತದೆ.

ಕಳೆದ ತಿಂಗಳು ಮತ್ತೊಂದು ಪ್ರಳಯ ಬಂತು. ಅಮಾವಾಸ್ಯೆಗೆ ಆಕಾಶದಿಂದ ಗುಡ್ಡದಂಥ ಕಲ್ಲು ಬಿದ್ದು ಭೂಮಿ ಬೂದಿಯಾಗುತ್ತದೆ ಎಂದು ಮೊಬೈಲಿನಲ್ಲಿ ಯಾವನೋ ಜ್ಯೋತಿಷಿ ಕಣ್ಣು ಕೆಂಪಗೆ ಮಾಡಿಕೊಂಡು ಹೇಳಿದ. ಓಣಿಯವರು ಮಗ್ಗಕ್ಕೆ ಹೊಸ ಹಾಸಿನ ಎಳೆ ಹೂಡುವುದನ್ನೇ ನಿಲ್ಲಿಸಿದರು. ಉಡುವವರೇ ಇರದ ಮೇಲೆ ಸೀರೆ ಯಾರಿಗೆಂದು!

ಟೀಚರು ಎಲ್ಲರನ್ನೂ ಕರೆದು ಕಟ್ಟೆಯ ಮೇಲೆ ಲಿಂಬೆಹಣ್ಣು ಇಟ್ಟರು.

"ಇದು ಭೂಮಿ." ಎರಡು ಹೆಜ್ಜೆ ಆಚೆ ಒಂದು ಕಡಲೆಕಾಳು ಇಟ್ಟು, "ಇದು ಚಂದ್ರ. ಆ ಕಲ್ಲು ಹಾದು ಹೋಗೂದು ಓಣಿ ತುದೀಗಿರೋ ನೀರಿನ ನಳದ ಹತ್ರ. ಈ ಲೆಕ್ಕದಾಗ ಅದು ಕಣ್ಣಿಗೆ ಕಾಣದ ಧೂಳು. ಹೋಗ್ರಿ, ಹಾಸು ಹೂಡ್ರಿ" ಎಂದರು. ಜನ ನಗುತ್ತ ಹೋದರು. ವಿಠೋಬಾ ಮಾತ್ರ ಬಂದಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ ನಾನು ಅಲ್ಲಿ ಚಹಾ ಕುಡಿಯುತ್ತಿದ್ದೆ. ಬಾಗಿಲಲ್ಲಿ ವಿಠೋಬಾ ಬಂದು ನಿಂತ.

"ಕಲ್ಪನಾ, ನಾಳೆ ಏನಾಗತೈತೋ ಏನೋ. ಸಿಟ್ಟು ಹೊತ್ಕೊಂಡು ಸಾಯೂದು ಬ್ಯಾಡ ಅನಿಸ್ತು. ನನ್ನ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋ. ನಾಳೆ ಮಧ್ಯಾಹ್ನ ಉಣ್ಣಾಕ ಬಾ. ನಿಮ್ಮ ವೈನಿ ಹೋಳಿಗಿ ಮಾಡ್ತಾಳ."

ಟೀಚರು ಕಣ್ಣೊರೆಸಿಕೊಂಡು ಅವನಿಗೂ ಚಹಾ ತಂದಿಟ್ಟರು. ಅವನು ಕೂತು, ದನಿ ತಗ್ಗಿಸಿ ಕೇಳಿದ: "ಖರೆ ಹೇಳವ್ವಾ. ಕಲ್ಲು ಬೀಳತೈತೇನು?"

ನಾನು ಟೀಚರನ್ನು ಕಣ್ಣಲ್ಲೇ ಬೇಡಿಕೊಂಡೆ. 'ಯಾರಿಗೆ ಗೊತ್ತು' ಎಂದಿದ್ದರೆ ಸಾಕಿತ್ತು. ಆದರೆ ಅವನು ಬಾಗಿಲಾಚೆ ಇಣುಕಿ ಮತ್ತೆ ಮತ್ತೆ ಆಕಾಶ ನೋಡುತ್ತಿದ್ದ. ಹೆದರಿದವರಿಗೆ ಸುಳ್ಳು ಹೇಳುವುದು ಆ ಹೆಂಗಸಿನ ಕೈಲಾಗದ ಕೆಲಸ.

"ಇಲ್ಲಣ್ಣಾ. ಏನೂ ಆಗೂದಿಲ್ಲ."

ಅವನ ಮುಖ ಮೊದಲು ಹಗುರಾಯಿತು, ಆಮೇಲೆ ಬಿಗಿಯಿತು.

"ಅವತ್ತೂ ನೀ ಇದನ್ನೇ ಅಂದಿದ್ದಿ" ಎಂದು ಎದ್ದು ಹೋದ. ಚಹಾ ಹಾಗೇ ಉಳಿಯಿತು.

ಮರುದಿನ ಮಧ್ಯಾಹ್ನ ಬಿಸಿಲು ಎಂದಿನಂತೆಯೇ ಸುಡುತ್ತಿತ್ತು. ಟೀಚರು ಹೊಸ ಸೀರೆ ಉಟ್ಟು, ಹೂ ಮುಡಿದು ಹೊಸ್ತಿಲ ಹತ್ತಿರ ಕೂತಿದ್ದರು. ಒಲೆ ಹಚ್ಚಿರಲಿಲ್ಲ. ಗೋಡೆಯಾಚೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

"ಹೋಗಿ ಬರ್ರಿ ಟೀಚರ್ರ. ಕರದು ಹೋಗ್ಯಾರಲ್ಲ" ಎಂದೆ.

"ಉಣ್ಣಾಕ ಕರದವರು ತಾಟು ಹಾಕಿದ ಮ್ಯಾಲೆ ಇನ್ನೊಮ್ಮೆ ಕರೀಬೇಕಲ್ರಿ. ಕರೀತಾನ. ಬರಬ್ಯಾಡ ಅಂತೇನೂ ಅಂದಿಲ್ಲ."

ನಾನೂ ಅಲ್ಲೇ ಕೂತೆ. ಎಷ್ಟೋ ಹೊತ್ತಿನ ಮೇಲೆ ಆಚೆ ಮನೆಯಲ್ಲಿ ತಾಟು ತೊಳೆಯುವ ಸದ್ದು ಕೇಳಿಸಿತು. ಟೀಚರು ಎದ್ದು ಒಳಗೆ ಹೋಗಿ ಒಬ್ಬರಿಗಾಗುವಷ್ಟು ಅನ್ನಕ್ಕಿಟ್ಟರು.