ಮೂರನೆಯ ಪೆಟ್ಟಿನ ಹಿಂದಿನ ಗೀರು

ನನ್ನ ಮಗಳು ಕೆಂಡ್ರಾಳ ತೊಡೆಯ ಮೇಲೆ ಕೆಂಪು ಗುಳ್ಳೆ ಎದ್ದ ದಿನದಿಂದ ನನಗೆ ಒಂದೇ ಯೋಚನೆ: ಇದು ಅಂಟಿನಿಂದಲೇ ಬಂದದ್ದು. ರೆಕಾರ್ಡಿನ ಲೇಬಲ್ಲಿನ ಅಂಟು. ಮಗುವಿಗಿನ್ನೂ ಏಳು ತಿಂಗಳು. ಅವಳನ್ನು ಮೀಯಿಸುವ ತೊಟ್ಟಿಯಲ್ಲಿಯೇ ನಮ್ಮಕ್ಕ ವರ್ಲೀನ್ ತನ್ನ ರೆಕಾರ್ಡುಗಳನ್ನು ನೆನೆಹಾಕುತ್ತಾಳೆ. ನೀರು ಹೋಗುವ ತೂತಿನ ಸುತ್ತ ನೆನೆದ ಕಾಗದದ ಚೂರು ಕಚ್ಚಿಕೊಂಡಿರುತ್ತದೆ. ನಾನು ಬ್ಲೀಚ್ ಹಾಕಿ ಉಜ್ಜುತ್ತೇನೆ. ಉಜ್ಜಿದ ಮೇಲೆ, ಗುಳ್ಳೆ ಬ್ಲೀಚಿನಿಂದಲೇ ಬಂದಿರಬಹುದೇ ಎಂದು ಹೆದರುತ್ತೇನೆ.

"ಸೆಕೆಗುಳ್ಳೆ ಕಣೇ ರೋಶೆಲ್," ಎಂದಳು ಅಕ್ಕ. "ಜುಲೈ ತಿಂಗಳಲ್ಲಿ ಬ್ರಾಂಕ್ಸಲ್ಲಿ ಯಾವ ಮಗು ತೊಡೆ ನುಣ್ಣಗಿದೆ, ತೋರ್ಸು."

"ಇನ್ನೊಂದ್ಸಲ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಾ?"

"ಸೋಮವಾರ ನೀನು ಹೋಗಿದ್ದೆ. ಬುಧವಾರನೂ ಹೋಗಿದ್ದೆ. ನೀನು ಬೀದಿ ಮೂಲೆ ತಿರುಗೋದು ಕಂಡ್ರೆ ಆ ನರ್ಸು ಬಾಗಿಲು ಹಾಕ್ಕೋತಾಳೆ ಈಗ."

ಲೇಬಲ್ ಕೀಳುವುದು ಅಕ್ಕನೊಬ್ಬಳ ಹುಚ್ಚೇನಲ್ಲ. ನಮ್ಮ ಕಡೆ ಈ ಕಸುಬಿನವರೆಲ್ಲ ಹಾಗೆಯೇ. ಹಳೆಯ ಹಾಡೊಂದರಲ್ಲಿ ಹಾಡುವವರು ಉಸಿರು ತೆಗೆದುಕೊಳ್ಳಲು ನಿಂತಾಗ ಡ್ರಮ್ಮು ಒಂಟಿಯಾಗಿ ನುಡಿಯುವ ಎರಡು ಸೆಕೆಂಡು ಇರುತ್ತದಲ್ಲ, ಆ ಎರಡು ಸೆಕೆಂಡಿಗಾಗಿ ಇವರು ಅಂಗಡಿಗಳ ನೆಲಮಾಳಿಗೆಯಲ್ಲಿ ಮೊಣಕಾಲೂರಿ, ಧೂಳು ಕುಡಿಯುತ್ತ ದಿನಗಟ್ಟಲೆ ಹುಡುಕುತ್ತಾರೆ. ಸಿಕ್ಕ ತುಣುಕನ್ನು ಯಂತ್ರಕ್ಕೆ ತುಂಬಿ, ಕತ್ತರಿಸಿ, ಸುತ್ತಿ ಸುತ್ತಿ ಬರುವಂತೆ ಜೋಡಿಸುತ್ತಾರೆ. ಅದರ ಮೇಲೆ ಹುಡುಗ ಹುಡುಗಿಯರು ಮಾತು ಕಟ್ಟುತ್ತಾರೆ. ಹಿಪ್‌ಹಾಪ್ ಅಂದರೆ ನಮ್ಮ ಬೀದಿಯಲ್ಲಿ ಇದು. ರೆಕಾರ್ಡು ಯಾವುದೆಂದು ಪಕ್ಕದವನಿಗೆ ಗೊತ್ತಾದರೆ ನಾಳೆ ಅವನೂ ಅದನ್ನೇ ಹಿಡಿದು ಬರುತ್ತಾನೆ. ಅದಕ್ಕೇ ಲೇಬಲ್ಲು ಉಳಿಯಬಾರದು. ಅಕ್ಕ ಬೋಳು ನಡುವಿನ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟುಕೊಳ್ಳುತ್ತಾಳೆ. ಎರಡು ಕೆಂಪು, ಒಂದು ನೇರಳೆ ಎಂದರೆ ಯಾವ ಹಾಡೆಂದು ಅವಳಿಗೆ ಮಾತ್ರ ಗೊತ್ತು.

ಆಕೆಗೆ ಮೂವತ್ತು. ರೈಲು ನಿಲ್ದಾಣದಲ್ಲಿ ಗಾಜಿನ ಗೂಡಿನೊಳಗೆ ಕೂತು ಟೋಕನ್ ಕೊಡುವ ಕೆಲಸ. ಕೈ ಮಾತ್ರ ಸುಮ್ಮನಿರುವುದಿಲ್ಲ, ಕಟ್ಟೆಯ ಮೇಲೆ ಬೆರಳು ತಾಳ ಹಾಕುತ್ತಲೇ ಇರುತ್ತದೆ.

"ಮೇಡಂ, ಟೋಕನ್ ಕೊಡ್ತೀರೋ ಡ್ರಮ್ ಬಾರಿಸ್ತೀರೋ?" ಎಂದು ಒಮ್ಮೆ ಯಾರೋ ರೇಗಿದರಂತೆ.

"ಎರಡೂ. ದುಡ್ಡು ಟೋಕನ್‌ಗೆ ಮಾತ್ರ," ಎಂದಳಂತೆ ಮೈಕಿನಲ್ಲಿ, ಇಡೀ ಸಾಲಿಗೆ ಕೇಳುವಂತೆ.

ಮನೆಗೆ ಬಂದರೆ ಯಂತ್ರದ ಮುಂದೆ. ಆ ಯಂತ್ರದ ಹೊಟ್ಟೆ ಹತ್ತೇ ಸೆಕೆಂಡಿಗೆ ತುಂಬಿಹೋಗುತ್ತದೆ. ಅದಕ್ಕೆ ಅಕ್ಕ ನಿಧಾನವಾಗಿ ತಿರುಗಬೇಕಾದ ರೆಕಾರ್ಡನ್ನು ಜೋರಾಗಿ ತಿರುಗಿಸಿ ತುಂಬುತ್ತಾಳೆ. ಆಗ ಇಲಿಗಳ ಮದುವೆಯ ವಾದ್ಯದ ಹಾಗೆ ಕೇಳುತ್ತದೆ. ತುಂಬಿದ ಮೇಲೆ ಯಂತ್ರದಲ್ಲೇ ನಿಧಾನ ಮಾಡುತ್ತಾಳೆ. ಹತ್ತು ಹಿಡಿಯುವ ಕಡೆ ಹದಿಮೂರು ಸೆಕೆಂಡು ಹಿಡಿಯುತ್ತದೆ. ಹಾಗೆ ಇಳಿದು ಬಂದ ದನಿಗೆ ಗಂಟಲು ಕಟ್ಟಿದವರ ಮಾತಿನಂಥ ಒಂದು ಒರಟು ಭಾರ ಇರುತ್ತದೆ. ಮಗು ಅದಕ್ಕೇ ನಿದ್ದೆ ಹೋಗುತ್ತಾಳೆ. ಅವಳ ಕಿವಿ ಕೆಡುತ್ತದೇನೋ ಎಂದು ನಾನು ಎಚ್ಚರ ಇರುತ್ತೇನೆ.

ನಮ್ಮ ಕೆಳಗಿನ ಮನೆಯ ಪಿಂಕ್ನಿಯವರು ಚರ್ಚಿನ ಹಿರಿಯರು. ಒಮ್ಮೆ ಮೆಟ್ಟಿಲ ಮೇಲೆ ಅಕ್ಕನನ್ನು ತಡೆದು ಕೇಳಿದರು, "ಸತ್ತೋರ, ಇದ್ದೋರ ಹಾಡನ್ನೆಲ್ಲ ಕತ್ತರಿಸಿ ತಿಂತೀಯಲ್ಲಮ್ಮ, ಅದು ಕಳ್ಳತನ ಅಲ್ವಾ?"

"ಪಾದ್ರಿಗಳು ಬೈಬಲ್ಲಿಂದ ಒಂದು ಸಾಲು ತಗೊಂಡು, ಅದನ್ನೇ ತಿರುಗಿಸಿ ತಿರುಗಿಸಿ ಹೇಳಿ ಒಂದು ಗಂಟೆ ಉಪದೇಶ ಮಾಡ್ತಾರಲ್ಲ ಸಾರ್," ಎಂದಳು ಅಕ್ಕ. "ನೀವೇ ಮುಂದಿನ ಬೆಂಚಲ್ಲಿ ಕೂತು ಆಮೆನ್ ಅಂತೀರಿ. ಪೊಲೀಸರನ್ನೇನೂ ಕರೆಯಲ್ಲ."

ಆದರೆ ಅವಳಿಗೂ ಒಂದು ಕಟ್ಟುಪಾಡಿದೆ. ಜನ ಮರೆತ ಹಾಡಿನಿಂದ ಎಷ್ಟಾದರೂ ತೆಗೆ. ಇನ್ನೊಬ್ಬ ಹುಡುಕಿ ಕಟ್ಟಿದ್ದನ್ನು ಅವನ ಟೇಪಿನಿಂದ ಎತ್ತಿಕೊಂಡರೆ ಅದು ಎಂಜಲು. ನಮ್ಮಲ್ಲಿ ಎಂಜಲು ತಿಂದವರಿಗೆ ಮರ್ಯಾದೆ ಇಲ್ಲ.

ಆ ಬೇಸಿಗೆ, ಎಂಬತ್ತೊಂಬತ್ತರಲ್ಲಿ, ಎಂಜಲು ತಿಂದವಳೆಂಬ ಹೆಸರು ಅಕ್ಕನಿಗೇ ಅಂಟಿತು.

ಪಕ್ಕದ ಬೀದಿಯ ಟೈರೆಲ್‌ಗೆ ಹತ್ತೊಂಬತ್ತು ವರ್ಷ. ಮಾತು ಜೋರು, ಟೋಪಿ ಓರೆ. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆಯಲ್ಲಿ ಕೂತು, ಹುರಿದ ಮೀನು ಎರಡು ಸಲ ಹಾಕಿಸಿಕೊಂಡು ತಿಂದು, "ಅಕ್ಕಾ, ನಿನ್ನ ಹೊಸ ತಾಳ ಒಂದು ಟೇಪಿಗೆ ಹಾಕ್ಕೊಡು, ಕೇಳಿ ಕಲ್ತ್ಕೋತೀನಿ," ಎಂದ. ಅಕ್ಕ ಕೊಟ್ಟಳು. ಜೂನ್‌ನಲ್ಲಿ ಅದೇ ತಾಳದ ಮೇಲೆ ಅವನ ಹೆಸರಿನ ರೆಕಾರ್ಡು ಹೊರಬಂತು. ಅಕ್ಕ ತನ್ನದನ್ನು ಪಾರ್ಕಿನಲ್ಲಿ ಮೊದಲ ಸಲ ಹಾಕಿದ್ದು ಜುಲೈನಲ್ಲಿ. ಜನ ತಿಂಗಳು ಎಣಿಸಿದರು, ತೀರ್ಪು ಕೊಟ್ಟರು. ಅಲ್ಲದೆ ಗಾಜಿನ ಗೂಡಿನಲ್ಲಿ ಕೂರುವ ಹೆಂಗಸು ತಾನೇ ಹುಡುಕಿದಳು ಎಂದರೆ ಯಾರು ನಂಬುತ್ತಾರೆ? ಅವಳ ತಾಳಕ್ಕೆ ಮಾತು ಕಟ್ಟುತ್ತಿದ್ದ ಇಬ್ಬರು ಹುಡುಗಿಯರು ಬರುವುದನ್ನು ಬಿಟ್ಟರು. ಟೈರೆಲ್‌ನ ಗೆಳೆಯರು ನಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು, ನಾನು ಮಗುವಿನ ಗಾಡಿ ಇಳಿಸುವಾಗ, "ಹಸಿವಾಗಿದ್ರೆ ನಿಮ್ಮಕ್ಕಂಗೆ ನಮ್ಮನ್ನೇ ಕೇಳೋಕ್ ಹೇಳು, ಎಂಜಲು ಯಾಕೆ?" ಎಂದು ನಗುತ್ತಿದ್ದರು.

ಪಾರ್ಕಿನ ಭಾನುವಾರದ ಕಾರ್ಯಕ್ರಮ ನಡೆಸುವವನು ವುಡಿ. ಕಾಲೇಜು ರೇಡಿಯೊದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಅವನದೇ ದನಿ. ಅವನು ಒಂದು ಷರತ್ತು ಹೇಳಿದ: ಶನಿವಾರ ಇಬ್ಬರೂ ರೇಡಿಯೊಗೆ ಬರಲಿ, ತಾಳ ತೆಗೆದ ಮೂಲ ರೆಕಾರ್ಡು ಯಾವುದೆಂದು ವರ್ಲೀನ್ ಹೇಳಲಿ. ಇಲ್ಲದಿದ್ದರೆ ಭಾನುವಾರದ ಪಟ್ಟಿಯಿಂದ ಅವಳ ಹೆಸರು ಹೋಯಿತು. ಒಮ್ಮೆ ಹೋದರೆ ಮತ್ತೆ ಯಾವ ಪಾರ್ಕಿನಲ್ಲೂ ಯಾರೂ ಅವಳನ್ನು ಕರೆಯುವುದಿಲ್ಲ.

"ಹೋಗಿ ಹೇಳ್ಬಿಡಕ್ಕ," ಎಂದೆ.

"ಹೇಳಲ್ಲ. ಹೇಳಿದ ಮರುದಿನವೇ ಇಡೀ ಊರು ಅದನ್ನ ಹುಡುಕುತ್ತೆ. ಶನಿವಾರ ನನಗೆ ಡ್ಯೂಟಿನೂ ಇದೆ."

"ನಿನ್ನ ಹೆಸರು ಹಾಳಾಗ್ತಿದೆ!"

"ನನ್ನ ಹೆಸರು ಲೇಬಲ್ಲಾ, ನೀರಲ್ಲಿ ನೆನೆಸಿದ್ರೆ ಕಿತ್ತು ಬರೋಕೆ?" ಎಂದಳು. "ಕಿವಿ ಇದ್ದೋರಿಗೆ ಗೊತ್ತಾಗುತ್ತೆ. ಕಿವಿ ಇಲ್ದೋರ ಮುಂದೆ ನಾನು ಕೈಕಟ್ಟಿ ನಿಲ್ಲಲ್ಲ. ನೀನೂ ನಿಲ್ಲಬೇಡ, ತಿಳೀತಾ?"

ಅವಳು ಚಿಕ್ಕಂದಿನಿಂದಲೂ ಹೀಗೆಯೇ. ಅದು ನನಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಶುಕ್ರವಾರ ಮಗುವಿನ ಗಾಡಿ ತಳ್ಳಿಕೊಂಡು ರಸ್ತೆ ದಾಟಲು ನಿಂತಿದ್ದೆ. ಕೆಂಪು ದೀಪಕ್ಕೆ ಒಂದು ಜೀಪು ಬಂದು ನಿಂತಿತು. ಒಳಗೆ ಟೈರೆಲ್‌ನ ರೆಕಾರ್ಡು. ದಮ್, ದಮ್, ಮೂರನೆಯ ಪೆಟ್ಟು, ಅದರ ಬೆನ್ನಿಗೇ 'ಟೊಕ್'. ನನ್ನ ಭುಜ ತಾನಾಗಿಯೇ ಬೆಚ್ಚಿತು. ಮತ್ತೆ 'ಟೊಕ್'. ಮತ್ತೆ ಬೆಚ್ಚಿತು. ಮನೆಯಲ್ಲಿ ಅಕ್ಕನ ತಾಳ ಕೇಳಿದಾಗಲೂ ನನಗೆ ಹೀಗೆಯೇ ಆಗುತ್ತಿತ್ತು. ಸುಸ್ತು ಎಂದುಕೊಂಡು ಸುಮ್ಮನಿದ್ದೆ. ಬೀದಿಯಲ್ಲಿ, ಬೇರೆಯವನ ಹೆಸರಿನಲ್ಲಿ ಕೇಳಿದಾಗ ತಿಳಿಯಿತು. ಅದು ವಾದ್ಯವಲ್ಲ, ಗೀರು; ಅದರ 'ಟಿಕ್' ಯಂತ್ರದಲ್ಲಿ ಇಳಿದು 'ಟೊಕ್' ಆಗಿತ್ತು.

ಅದು ಅಪ್ಪನ ರೆಕಾರ್ಡು. ನನಗೆ ಆರು ವರ್ಷ, ಅಕ್ಕನಿಗೆ ಹದಿಮೂರು. ಅಪ್ಪ ಕೆಲಸಕ್ಕೆ ಹೋಗಿದ್ದರು. ಮುಟ್ಟಬಾರದೆಂದು ಹೇಳಿದ್ದ ರೆಕಾರ್ಡನ್ನು ಹಾಕಿಕೊಂಡು ನಾನು ನಡುಮನೆಯಲ್ಲಿ ಹಗ್ಗ ಜಿಗಿದೆ. ನೆಲ ಅದುರಿತು. ಮುಳ್ಳು ಹಾರಿ, 'ಜರ್' ಎಂದು ಅಡ್ಡಕ್ಕೆ ಜಾರಿತು. ಸಂಜೆ ಅಪ್ಪ ಹಾಕಿ ಕೇಳಿದರು. ಅವರಿಗೆ ಅತಿ ಇಷ್ಟದ ಜಾಗದಲ್ಲಿ ಟಿಕ್ ಎಂದಿತು.

"ಯಾರು ಮಾಡಿದ್ದು?"

"ನಾನಲ್ಲ," ಎಂದಳು ಅಕ್ಕ.

"ಮತ್ತ್ಯಾರು?"

ಬೆಲ್ಟು ಬಂತು. ಪ್ರತಿ ಏಟಿಗೂ "ನಾನಲ್ಲ" ಎಂದಳೇ ಹೊರತು ಅಳಲಿಲ್ಲ, ನನ್ನ ಹೆಸರು ಹೇಳಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದೆ. ಹದಿನೇಳು ವರ್ಷ ಆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ. ನಾನೇ ಮಾಡಿದ್ದೆಂದು ಅವಳಿಗೆ ಗೊತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಶನಿವಾರ ಅಕ್ಕ ಡ್ಯೂಟಿಗೆ ಹೋದಳು, ಊಟದ ಡಬ್ಬಿಯ ಜೊತೆ ಅಂಗೈಯಗಲದ ರೇಡಿಯೊ ಇಟ್ಟುಕೊಂಡು. ಗೂಡಿನೊಳಗೆ ರೇಡಿಯೊ ಇಡಬಾರದೆಂಬ ನಿಯಮವಿದೆ. ಅವಳು ಇಡುತ್ತಾಳೆ.

ಎರಡು ಗಂಟೆಗೆ ನಾನೂ ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿದೆ. ಕೆಂಡ್ರಾ ಎತ್ತರದ ಕುರ್ಚಿಯಲ್ಲಿ ಕೂತು ಬಾಳೆಹಣ್ಣು ಹಿಸುಕುತ್ತಿದ್ದಳು.

"ವರ್ಲೀನ್ ಬಂದಿಲ್ಲ," ಎಂದ ವುಡಿ. "ಟೈರೆಲ್ ಬಂದಿದ್ದಾನೆ. ಏನಪ್ಪ, ನೀನಾದ್ರೂ ಮೂಲ ರೆಕಾರ್ಡು ತಂದಿದ್ದೀಯಾ?"

"ನಾನ್ಯಾಕಣ್ಣ ತರ್ಲಿ? ಕಳ್ಳತನದ ಮಾತು ಬಂದಿರೋದು ಅವಳ ಮೇಲೆ. ಬರೋ ಮುಖ ಇದ್ರೆ ಬರ್ತಿದ್ಲು. ಟೋಕನ್ ಮಾರೋರು ಟೋಕನ್ ಮಾರ್ಕೊಂಡಿರ್ಲಿ."

ವುಡಿಯ ರೇಡಿಯೊಗೆ ಫೋನ್ ಮಾಡಲು ಗೋಡೆಯ ಫೋನಿನ ಹತ್ತಿರ ಹೋದೆ. ನಂಬರು ಒತ್ತಿದೆ. ಇಟ್ಟುಬಿಟ್ಟೆ. ಕೆಳಗೆ ಮೆಟ್ಟಿಲ ಮೇಲೆ ಆ ಹುಡುಗರು. ನಾಳೆ ನಾನು ಇದೇ ಗಾಡಿ ಇಳಿಸಬೇಕು. ಅಕ್ಕ ಬೇಡ ಎಂದಿದ್ದಾಳೆ. ನಾನು ರೇಡಿಯೊದಲ್ಲಿ ತೊದಲಿದರೆ? ಅಷ್ಟರಲ್ಲಿ ಮಗುವಿನ ಗಂಟಲಿಗೆ ಬಾಳೆಹಣ್ಣು ಸಿಕ್ಕಿಕೊಂಡರೆ? ಮತ್ತೆ ಒತ್ತಿದೆ. ಮತ್ತೆ ಇಟ್ಟೆ.

"ಒಂದು ಮಾತು ಹೇಳ್ಲೇಬೇಕು," ಎಂದ ವುಡಿ. "ಆ ಮೂರನೇ ಪೆಟ್ಟಾದ್ಮೇಲೆ 'ಟೊಕ್' ಅಂತ ಬರುತ್ತಲ್ಲ, ಅದೇ ಈ ಹಾಡಿನ ಜೀವ. ಏನದು?"

"ಅದಾ? ಅದು ನನ್ನ ಗೆಣ್ಣು!" ಟೈರೆಲ್ ನಕ್ಕ. "ನಮ್ಮಜ್ಜಿ ಮೇಜಿನ ಮೇಲೆ ಕುಟ್ಟಿ ನಾನೇ ಸೇರಿಸಿದ್ದು. ಹಳೇ ರೆಕಾರ್ಡಲ್ಲಿ ಅದು ಎಲ್ಲಿರುತ್ತೆ? ನನ್ನ ಸ್ವಂತ ಕೈಚಳಕ."

ನನ್ನ ಅಕ್ಕ ತಿಂದ ಏಟು ಅವನ ಕೈಚಳಕವಂತೆ.

ನಾನು ರೆಕಾರ್ಡುಗಳ ಪೆಟ್ಟಿಗೆಗಳ ಮುಂದೆ ಕೂತೆ. ನೂರಾರು ಬೋಳು ರೆಕಾರ್ಡು, ಬರೀ ಚುಕ್ಕೆಗಳು. ಚುಕ್ಕೆ ನನಗೆ ಓದಲು ಬರುವುದಿಲ್ಲ. ಆದರೆ ಅಪ್ಪನ ರೆಕಾರ್ಡಿನ ಅಂಚಿನಲ್ಲಿ ಸಿಗರೇಟು ತಾಗಿದ ಒಂದು ಗುಳಿ ಇತ್ತು. ಮೂರನೆಯ ಪೆಟ್ಟಿಗೆಯಲ್ಲಿ ಬೆರಳಿಗೆ ಆ ಗುಳಿ ಸಿಕ್ಕಿತು. ಮೇಲೆ ಉಗುರು ಆಡಿಸಿದೆ. ಗೀರು ಅಲ್ಲೇ ಇತ್ತು. ಮಗುವನ್ನು ಸೊಂಟಕ್ಕೆ ಎತ್ತಿಕೊಂಡೆ, ಫೋನಿನ ಉದ್ದದ ತಂತಿಯನ್ನು ನಡುಮನೆಯವರೆಗೆ ಎಳೆದೆ, ನಂಬರು ಒತ್ತಿದೆ. ಈ ಸಲ ಇಡಲಿಲ್ಲ.

"ಹೇಳಿ, ನೀವು ರೇಡಿಯೊದಲ್ಲಿದ್ದೀರಿ," ಎಂದ ವುಡಿ.

"ನಾನು ರೋಶೆಲ್. ವರ್ಲೀನ್ ತಂಗಿ."

"ಓಹೋ! ಅಕ್ಕನ್ನ ಬಿಟ್ಟು ತಂಗಿ ಬಂದ್ಲು," ಹಿಂದಿನಿಂದ ಟೈರೆಲ್.

"ಟೈರೆಲ್, ಆ 'ಟೊಕ್' ನೀನೇ ಸೇರಿಸಿದ್ದು ಅಂದ್ಯಲ್ಲ? ಇನ್ನೊಂದ್ಸಲ ಹೇಳು."

"ನೂರು ಸಲ ಹೇಳ್ತೀನಿ. ನನ್ನ ಗೆಣ್ಣು."

"ಸರಿ. ವುಡಿಯಣ್ಣ, ಎರಡೇ ಸೆಕೆಂಡು ಕೇಳಿ. ಯಂತ್ರ ಇಲ್ಲ, ಬರೀ ರೆಕಾರ್ಡು." ಮುಳ್ಳು ಇಳಿಸಿ ಫೋನನ್ನು ಸ್ಪೀಕರಿಗೆ ಹಿಡಿದೆ. ದಮ್, ದಮ್, ಮೂರನೆಯದು, ಟಿಕ್. ತಕ್ಷಣ ಮುಳ್ಳು ಎತ್ತಿದೆ. ಹಾಡುವವರ ಒಂದು ಉಸಿರೂ ಕೇಳಿಸಗೊಡಲಿಲ್ಲ.

"ಇನ್ನೊಂದ್ಸಲ ಹಾಕಮ್ಮ," ಎಂದ ವುಡಿ. ದನಿ ಬದಲಾಗಿತ್ತು. ಹಾಕಿದೆ. ಟಿಕ್.

"ಅಂಗಡಿಯಲ್ಲಿ ಇದೇ ರೆಕಾರ್ಡು ಇನ್ನೂ ಸಾವಿರ ಇರಬಹುದು," ಎಂದೆ. "ಈ ಗೀರು ಇರೋದು ಇದೊಂದ್ರಲ್ಲೇ. ಎಪ್ಪತ್ತೆರಡರಲ್ಲಿ ಬಿದ್ದಿದ್ದು. ಟೈರೆಲ್, ಆಗ ನಿನಗೆ ಎರಡು ವರ್ಷ ಕಣೋ. ನಿಮ್ಮಮ್ಮ ನಿನ್ನ ಚಡ್ಡಿ ಬದಲಾಯಿಸ್ತಿದ್ಲು. ಯಾವ ಗೆಣ್ಣು, ಯಾವ ಮೇಜು?"

"ಯಾರೋ ಏನೋ ಫೋನಲ್ಲಿ ಹಾಕಿದ್ರೆ..." ಎಂದು ಟೈರೆಲ್ ಶುರುಮಾಡಿದ. ವುಡಿ ಅವನನ್ನು ತಡೆದ.

"ಎಪ್ಪತ್ತೆರಡು ಅಂತ ಹೇಗಮ್ಮ ಗೊತ್ತು?"

"ಗೀರು ಹಾಕಿದ್ದು ನಾನು." ಮಗು ತಂತಿಯನ್ನು ಬಾಯಿಗೆ ಇಟ್ಟುಕೊಂಡಿದ್ದಳು, ಬಿಡಿಸಲಿಲ್ಲ. "ನಾನು ಹಗ್ಗ ಜಿಗಿದು ಹಾಳು ಮಾಡಿದೆ. ಬೆಲ್ಟಿನ ಏಟು ತಿಂದಿದ್ದು ಅಕ್ಕ. ಅಕ್ಕಾ, ಗೂಡಲ್ಲಿ ಕೇಳಿಸ್ಕೋತಿದ್ದೀಯಲ್ಲ? ನಾನೇ ಕಣೇ. ನೀನು ಬೇಡ ಅಂದಿದ್ದೆ, ಆದ್ರೂ ಹೇಳ್ದೆ. ಇವತ್ತು ಬಾಗಿಲ ಹಿಂದೆ ನಿಲ್ಲಲ್ಲ."

ವುಡಿ ಕೇಳಿದ, "ಯಾವ ರೆಕಾರ್ಡಮ್ಮ ಅದು?"

ಇಡೀ ಬ್ರಾಂಕ್ಸು ಪೆನ್ಸಿಲ್ ಹಿಡಿದು ಕೂತಿರಬೇಕು. ಇಲ್ಲಿ ಬರೆಯುವಾಗಲೂ ನಾನು ಅದರ ಹೆಸರು ಬರೆಯುವುದಿಲ್ಲ.

"ಹೇಳಲ್ಲ," ಎಂದೆ.

"ಸುಳಿವಾದ್ರೂ?"

"ಇಲ್ಲ."

ಅವನು ನಕ್ಕುಬಿಟ್ಟ. "ಹಂಗಾದ್ರೆ ನಾಳೆ ಪಾರ್ಕಿಗೆ ಬರ್ತಾಳಾ ನಿಮ್ಮಕ್ಕ?"

"ಬರ್ತಾಳೆ," ಎಂದೆ. "ಲೇಬಲ್ ಇಲ್ದೇನೇ ಬರ್ತಾಳೆ."